ಪೇಟಿ ಮಾಸ್ತರರ ವಿರುದ್ಧ ನಾನು ಬರೆದ ವರದಿ

ಹುನಗುಂದದ ಕೋರ್ಟಿನ ಹಿಂದಿನ ಓಣಿಯಲ್ಲಿ ನಡೆಯುತ್ತಿದ್ದ ಬುದ್ಧಿಮಾಂದ್ಯ ಮಕ್ಕಳ ತರಗತಿಯಿಂದ ಒಬ್ಬ ಹಾರ್ಮೋನಿಯಂ ವಾದಕರನ್ನು ಹೊರಗೆ ಹಾಕಿದವರು ಅದರ ಆಡಳಿತ ಮಂಡಳಿಯ ಏಳು ಜನ ಸದಸ್ಯರು. ಆ ವಾದಕರು ಅಲ್ಲಿ ಕೆಲಸ ಮಾಡಿದ ಎರಡು ವರ್ಷಗಳಲ್ಲಿ ಈ ಏಳು ಜನರಲ್ಲಿ ಒಬ್ಬರೂ ಅವರು ಬರುತ್ತಿದ್ದ ಗುರುವಾರಗಳಲ್ಲಿ ಒಂದು ದಿನವಾದರೂ ಆ ಕೋಣೆಯೊಳಗೆ ಬಂದು ಕೂತಿರಲಿಲ್ಲ. ಬಾಗಲಕೋಟೆಯ ಒಂದು ಮಾಳಿಗೆ ಮನೆಯಲ್ಲಿ, ಚಹಾ ಬರುವುದಕ್ಕೆ ಮೊದಲು, ಒಂದು ಪುಟದ ವರದಿಯನ್ನು ಓದಿಸಿ ಕೇಳಿ, ಚಹಾ ಬರುವಷ್ಟರಲ್ಲಿ ತೀರ್ಮಾನ ಮುಗಿಸಿದರು. ಕಾಣದ್ದನ್ನು ಕಂಡವರಂತೆ ನಿರ್ಣಯಿಸಿದ್ದು ಅವರ ತಪ್ಪು. ಆ ವರದಿಯನ್ನು ಬರೆದುಕೊಟ್ಟವಳು ನಾನು. ನಾನು ಎಲ್ಲವನ್ನೂ ಕಂಡಿದ್ದೆ. ಆದ್ದರಿಂದ ನನ್ನ ತಪ್ಪು ಅವರದಕ್ಕಿಂತ ದೊಡ್ಡದು. ಅದನ್ನು ಮುಚ್ಚಿಟ್ಟುಕೊಂಡು ಅವರನ್ನು ಪ್ರಶ್ನಿಸುವ ಹಕ್ಕು ನನಗಿಲ್ಲವಾದ್ದರಿಂದ ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಆ ತರಗತಿಯ ಒಂಬತ್ತು ಮಕ್ಕಳಲ್ಲಿ ಒಬ್ಬಳು ನನ್ನ ತಂಗಿ. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪನ ಗುಂಡಿಮಗ್ಗ, ಅದರ ಪಕ್ಕದಲ್ಲಿ ಅವ್ವ ನೂಲು ಸುತ್ತುವ ರಾಟಿ, ಎರಡರ ನಡುವಿನ ಜಾಗದಲ್ಲಿ ತಂಗಿ. ಅವಳಿಗೆ ಮಾತು ಬರಲಿಲ್ಲ. ಬಂದದ್ದು ಒಂದೇ ದನಿ: ಮೂಗಿನಿಂದಲೋ ಎದೆಯಿಂದಲೋ ತಿಳಿಯದಂತೆ ಹೊರಡುವ, ಗಂಟೆಗಟ್ಟಲೆ ಎಳೆಯುವ ಒಂದು ನಾದ. ಮಗ್ಗ ನಿಂತರೆ ಅದು ಏರುತ್ತಿತ್ತು. ತಡೆಯಲಾರದೆ ಹೋದಾಗ ಅವಳು ಮಗ್ಗದ ಕಂಬಕ್ಕೆ ಹಣೆ ಬಡಿದುಕೊಳ್ಳುತ್ತಿದ್ದಳು. ಅವ್ವ ಅವಳನ್ನು ಶಿವಯೋಗ ಮಂದಿರಕ್ಕೆ ಒಯ್ದಳು, ದರ್ಗಾಕ್ಕೆ ಒಯ್ದಳು, ಬಾಗಲಕೋಟೆಯ ದೊಡ್ಡ ಡಾಕ್ಟರರ ಬಳಿಗೂ ಒಯ್ದಳು. ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎತ್ತಿ ನೋಡಿ, "ಇದಕ್ಕ ಔಷಧಿಲ್ಲವ್ವಾ, ಅಂತಃಕರಣಲೇ ನೋಡ್ಕೋರಿ" ಎಂದರು. ಅಂತಃಕರಣಕ್ಕೇನೂ ನಮ್ಮ ಮನೆಯಲ್ಲಿ ಕೊರತೆಯಿರಲಿಲ್ಲ. ಹಣೆಯ ಮೇಲಿನ ಗಾಯ ಮಾತ್ರ ಒಣಗುತ್ತಿರಲಿಲ್ಲ.

ನಾನು ಧಾರವಾಡಕ್ಕೆ ಹೋಗಿ ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದ್ದು ಅವಳ ಸಲುವಾಗಿ. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನೇಕಾರರ ಮನೆಯ ಹುಡುಗಿಯೊಬ್ಬಳು ಹಾಗೆ ಹೊರಟದ್ದು ಓಣಿಗೆಲ್ಲ ಸುದ್ದಿಯಾಗಿತ್ತು. ಮರಳಿ ಬರುವಾಗ ಟ್ರಂಕಿನ ತುಂಬ ಪುಸ್ತಕ, ನಾನೇ ಬರೆದು ಬಣ್ಣ ಹಚ್ಚಿದ ಚಿತ್ರದ ಕಾರ್ಡುಗಳು, ದಿನಕ್ಕೊಂದು ಗೆರೆ ಎಳೆಯಬೇಕಾದ ಪ್ರಗತಿಯ ನಕ್ಷೆ ತಂದಿದ್ದೆ. ಒಂದೇ ಒಂದು ಗುರಿ ಇಟ್ಟುಕೊಂಡೆ: ತಂಗಿ "ಅವ್ವ" ಎನ್ನಬೇಕು. ಪ್ರತಿದಿನ ಅವಳ ಎದುರು ಕೂತು, ಅವ್ವನ ಕಡೆ ಬೆರಳು ತೋರಿಸಿ, ತುಟಿ ತೆರೆದು ಹೇಳಿಕೊಡುತ್ತಿದ್ದೆ. ತುಟಿ ಅಲ್ಲಾಡಿದರೆ ಒಂದು ಹರಳು ಕಲ್ಲುಸಕ್ಕರೆ. ಎರಡು ವರ್ಷ ಹೀಗೆ ನಡೆಯಿತು. ಅವಳು ಸಕ್ಕರೆ ತಿಂದಳು. ನಕ್ಷೆಯಲ್ಲಿ ಗೆರೆ ನೆಲಕ್ಕೆ ಹಾಸಿದ ಚಾಪೆಯಂತೆ ಮಲಗಿಯೇ ಇತ್ತು.

ಅದೇ ಹೊತ್ತಿಗೆ ಹುನಗುಂದದಲ್ಲಿ ತರಗತಿ ಶುರುವಾಯಿತು. ವಕೀಲರು, ಅಡತಿ ವ್ಯಾಪಾರಸ್ಥರು, ಒಬ್ಬಿಬ್ಬರು ನಿವೃತ್ತ ಅಧಿಕಾರಿಗಳು ಕೂಡಿ ಮಾಡಿದ ಸಂಸ್ಥೆ. ನನ್ನನ್ನು ಶಿಕ್ಷಕಿಯೆಂದು ನೇಮಿಸಿದರು. ಪದವಿಯಿದ್ದ ಕಾರಣಕ್ಕೆ ಕಾಗದಗಳಲ್ಲಿ "ತಜ್ಞ ಶಿಕ್ಷಕಿ" ಎಂದು ಬರೆಯುತ್ತಿದ್ದರು. ಆ ಪದ ನನಗೆ ಇಷ್ಟವಾಗಿತ್ತು. ತಂಗಿಯನ್ನು ಕರೆದುಕೊಂಡು ದಿನವೂ ಇಳಕಲ್ಲಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಪೇಟಿ ಮಾಸ್ತರರನ್ನು ನಾವು ಮೊದಲು ಕಂಡದ್ದು ಆ ಬಸ್ಸಿನಲ್ಲೇ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಅವರು ಮೂವತ್ತು ವರ್ಷ ನಾಟಕ ಕಂಪನಿಗಳಲ್ಲಿ ಪೇಟಿ ಬಾರಿಸಿ, ಕಂಪನಿ ಮುರಿದ ಮೇಲೆ ಬಾದಾಮಿಯಲ್ಲಿ ನೆಲೆಸಿ, ಊರೂರಿನ ಭಜನಾ ಮಂಡಳಿಗಳ ಪೇಟಿ ರಿಪೇರಿ ಮಾಡಿಕೊಂಡಿದ್ದವರು. ಮೂಲತಃ ಕಲಾದಗಿಯ ಮುಸ್ಲಿಂ ಮನೆತನ. ಅಂದು ಇಳಕಲ್ಲಿನಲ್ಲಿ ಯಾವುದೋ ಮಠದ ಕೆಲಸ ಮುಗಿಸಿ, ತಮ್ಮ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬದಿ ಕೂತಿದ್ದರು. ಬಸ್ಸು ಹೊರಡುತ್ತಲೂ ತಂಗಿ ತನ್ನ ದನಿ ತೆಗೆದಳು.

"ಏನ್ರಿ ಅಕ್ಕೋರ," ಎಂದ ಕಂಡಕ್ಟರ್, "ನಿಮ್ಮ ತಂಗಿ ಹಾರ್ನ್ ಹೊಡ್ಯಾಕತ್ತಾಳ. ಚಲೋನ ಆತು ಬಿಡ್ರಿ, ನಮ್ಮ ಗಾಡೀದು ಕೆಟ್ಟು ಎಂಟು ದಿನ ಆಗೇತಿ."

ಬಸ್ಸು ನಕ್ಕಿತು. ಮುಂದಿನ ಸೀಟಿನ ಮುದುಕಿಯೊಬ್ಬಳು ತಿರುಗಿ, "ಸುಮ್ಮಿರಪಾ, ದೇವರ ಕೂಸದು" ಎಂದಳು.

"ದೇವರ ಕೂಸಿಗೆ ಅರ್ಧಾ ಟಿಕೀಟು ಕೊಟ್ಟೇನಿ ಆಯಿ. ನಾ ಏನು ಕಡಿಮಿ ಮಾಡೇನಿ?"

ಇಂಥ ಮಾತಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅಷ್ಟರಲ್ಲಿ ಪೇಟಿಯ ಮೇಲಿನ ಅರಿವೆ ಸರಿಸಿ, ಎಡಗೈಯಿಂದ ತಿದಿ ಎಳೆದು, ಆ ಮನುಷ್ಯ ಒಂದೇ ಬೆರಳಿನಿಂದ ಒಂದು ಕರಿ ಮನೆಯನ್ನು ಒತ್ತಿದರು. ಬಿಟ್ಟು ಪಕ್ಕದ್ದನ್ನು ಒತ್ತಿದರು. ಅದು ತಂಗಿಯ ದನಿಯ ಜೊತೆ ಹಾಲಿಗೆ ಹಾಲು ಕೂಡಿದಂತೆ ಕೂಡಿಕೊಂಡಿತು. "ಕರಿ ನಾಕು," ಎಂದರು ತಮಗೆ ತಾವೇ, ಎಣಿಸಿ ನಾಲ್ಕನೆಯ ಕರಿ ಮನೆ. ತಂಗಿ ದನಿ ನಿಲ್ಲಿಸಿದಳು. ಅವರೂ ನಿಲ್ಲಿಸಿದರು. ಅವಳು ಕತ್ತು ವಾಲಿಸಿ ಆ ಪೆಟ್ಟಿಗೆಯ ಕಡೆ ನೋಡಿದಳು. ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ನನ್ನ ಕಡೆ ಹಾಗೆ ಕತ್ತು ವಾಲಿಸಿರಲಿಲ್ಲ. ಮತ್ತೆ ದನಿ ತೆಗೆದಳು. ಅವರು ಮತ್ತೆ ಕರಿ ನಾಲ್ಕು ಕೊಟ್ಟರು. ಹುನಗುಂದ ಬರುವ ತನಕ ಹೀಗೆ ನಡೆಯಿತು.

"ಮಾಸ್ತರ, ಪೇಟಿಗೆ ಬ್ಯಾರೆ ಟಿಕೀಟು ತಗೀಬೇಕಾಕ್ಕೈತಿ," ಎಂದ ಕಂಡಕ್ಟರ್, ಈ ಸಲ ಮೆತ್ತಗೆ.

"ಪೇಟಿ ಇನ್ನಾ ಸಣ್ಣದೈತಿ. ಅದಕ್ಕೂ ಅರ್ಧಾನ ಕೊಡು."

ಅವರನ್ನು ತರಗತಿಗೆ ಕರೆದವಳು ನಾನೇ, ಮಂಡಳಿಯ ಒಪ್ಪಿಗೆ ಪಡೆದವಳೂ ನಾನೇ. ಒಳ್ಳೆಯ ಬುದ್ಧಿಯಿಂದಲೇ ಕರೆದೆ. ಗುರುವಾರ ಮಧ್ಯಾಹ್ನ ಒಂದೊಂದು ಮಗುವಿಗೆ ಸ್ವಲ್ಪ ಹೊತ್ತು ಎಂದು ನಿಗದಿಯಾಯಿತು. ಮಕ್ಕಳಿಗೆ ಸರಳ ಹಾಡುಗಳನ್ನು ಕಲಿಸುತ್ತಾರೆ, ನಾನು ಅವನ್ನು ನನ್ನ ಕಾರ್ಡುಗಳ ಜೊತೆ ಹೊಂದಿಸುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಅವರು ಹಾಡು ಕಲಿಸಲಿಲ್ಲ. ಮಗುವಿನ ಎದುರು ನೆಲದ ಮೇಲೆ ಕೂತು ಅದರ ಗಂಟಲನ್ನೇ ನೋಡುತ್ತಿದ್ದರು. ಮಗು ಏನು ಸದ್ದು ಮಾಡಿತೋ ಅದನ್ನು ಪೇಟಿಯಲ್ಲಿ ಹುಡುಕಿ ಕೊಡುತ್ತಿದ್ದರು. ಮಗು ಸುಮ್ಮನಿದ್ದರೆ ತಾವೂ ಸುಮ್ಮನೆ ಕೂಡುತ್ತಿದ್ದರು. ಒಂದು ಮಗು ಪೂರ್ತಿ ಸರದಿಯನ್ನು ಸುಮ್ಮನೆ ಕಳೆದರೆ, ತಿದಿಯ ಮೇಲಿನ ಕೈ ತೆಗೆಯದೆ ಅಷ್ಟೂ ಹೊತ್ತು ಕಾಯುತ್ತಿದ್ದರು.

"ನೀವ ಮೊದಲು ಬಾರಿಸಿ ತೋರಸ್ರೆಲಾ," ಎಂದೆ ಒಮ್ಮೆ.

"ಪೇಟಿ ಮುಂದ ಹೋಗಬಾರ್ದ್ರಿ ಅಕ್ಕೋರ." ಆಮೇಲೆ ಕಂಪನಿಯ ದಿನಗಳ ಒಂದು ಮಾತು ಹೇಳಿದರು. ರಾಜನ ಪಾತ್ರದ ಹಿರಿಯ ನಟರೊಬ್ಬರು ರಂಗದ ಮೇಲೆ ಪದ ಮರೆತು ನಿಂತರಂತೆ. ಜನ ಸಿಳ್ಳೆ ಹಾಕತೊಡಗಿದರು. ಇವರಿಗೆ ಆಗ ಹರೆಯ. ನೆರವಾಗಲೆಂದು ಮುಂದಿನ ಸಾಲಿನ ಧಾಟಿಯನ್ನು ಪೂರ್ತಿ ಬಾರಿಸಿಬಿಟ್ಟರು. ನಟರು ಇವರನ್ನೇ ದಿಟ್ಟಿಸಿ ನೋಡಿ, ಕಿರೀಟ ತೆಗೆದು ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದರು. "ಮಾಲಕರು ನನಗ ಬೈಲಿಲ್ರಿ. ಒಂದ ಮಾತು ಹೇಳಿದ್ರು: ಆಂವ ಮರತಾಗ ನೀ ಸುರ ಹಿಡಕೊಂಡು ಕೂಡು, ಆಂವ ಹೊಳ್ಳಿ ಬರೂತನಕ. ಆಂವಾ ಎಲ್ಲಿ ಹೋಗ್ತಾನು, ರಂಗ ಬಿಟ್ಟು? ಅದನ್ನ ಇಲ್ಲೆ ಮಾಡಾಕತ್ತೇನಿ. ಈ ಹುಡುಗರು ಪದಾ ಮರತು ನಿಂತಾವ ಅಷ್ಟ."

ನನ್ನ ಪುಸ್ತಕಗಳಲ್ಲಿ ಇದು ಇರಲಿಲ್ಲ. ಇದ್ದಿದ್ದರೆ ಒಪ್ಪುತ್ತಿದ್ದೆನೋ ಏನೋ. ಒಬ್ಬ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ಮನುಷ್ಯ ಮಣ್ಣು ನೆಲದ ಮೇಲೆ ಕೂತು ಅದನ್ನು ನನಗೆ ಹೇಳಿದ್ದನ್ನು ನಾನು ಮರೆಯಲಿಲ್ಲ.

ಮೂರನೆಯ ತಿಂಗಳಲ್ಲಿ ತಂಗಿ ತನ್ನ ದನಿ ತೆಗೆದು, ನಿಲ್ಲಿಸಿ, ಪೇಟಿಗಾಗಿ ಕಾಯಲು ಕಲಿತಳು. ಅವಳು ಯಾವುದಕ್ಕಾದರೂ ಕಾದದ್ದನ್ನು ನಾವು ಕಂಡಿರಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಕರಿ ನಾಲ್ಕರಿಂದ ಮೇಲಿನ ಒಂದು ಸ್ವರಕ್ಕೆ ಏರಿ, ಭಯಪಟ್ಟವಳಂತೆ ಇಳಿದಳು. ಮಾಸ್ತರರೂ ಏರಿ ಇಳಿದರು. ಅವಳು ನಕ್ಕಳು. ಕೈಯ ಹಿಂಬದಿಯನ್ನು ಪೇಟಿಯ ಕಟ್ಟಿಗೆಗೆ ಒತ್ತಿಟ್ಟುಕೊಂಡು, ಒಳಗಿನ ನಡುಕವನ್ನು ಚರ್ಮದಿಂದ ಕೇಳುತ್ತಿದ್ದಳು. ಮನೆಯಲ್ಲಿ ಹಣೆ ಬಡಿದುಕೊಳ್ಳುವುದು ಮೊದಲು ಗುರುವಾರಗಳಲ್ಲಿ ನಿಂತಿತು, ಆಮೇಲೆ ಶುಕ್ರವಾರ, ಆಮೇಲೆ ವಾರವಿಡೀ. ಬುಧವಾರದ ದಿನ ತಾನೇ ತನ್ನ ಚಪ್ಪಲಿ ತಂದು ಹೊಸ್ತಿಲ ಬಳಿ ಇಡುತ್ತಿದ್ದಳು. ರೊಟ್ಟಿ ಮುರಿದು ತನ್ನ ಕೈಯಿಂದಲೇ ತಿನ್ನತೊಡಗಿದಳು.

ಸಂತೋಷಪಡಬೇಕಾದವಳು ನಾನು. ನಾನು ಲೆಕ್ಕ ಹಾಕುತ್ತಿದ್ದೆ. ಅವಳು ಅವರನ್ನು ಎಷ್ಟು ಹೊತ್ತು ನೋಡಿದಳು, ನನ್ನನ್ನು ಎಷ್ಟು ಹೊತ್ತು. ಬಾಗಿಲ ಸಂದಿಯಿಂದ ಇಣುಕಿ, ನಾನು ಒಳಗೆ ಹೋದರೆ ಅವಳ ನಗು ನಿಲ್ಲುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಬೇಕೆಂದೇ ಒಳಗೆ ಹೋಗುತ್ತಿದ್ದೆ. ನಿಲ್ಲುತ್ತಿತ್ತು. ಅವಳ ಲಂಗಕ್ಕೆ ಅಂಟಿದ ಹಳೆಯ ಕಟ್ಟಿಗೆಯ, ಅತ್ತರಿನ ವಾಸನೆ ಬಸ್ಸಿನಲ್ಲಿ ನನ್ನ ಮೂಗಿಗೆ ಬಡಿಯುತ್ತಿತ್ತು. ಮನೆಗೆ ಬಂದ ಕೂಡಲೆ ಅದನ್ನು ಒಗೆಯಲು ಹಾಕುತ್ತಿದ್ದೆ. ಅವ್ವ ಓಣಿಯ ಹೆಂಗಸರಿಗೆ, "ನಮ್ಮ ಮಾಸ್ತರ ಬಂದಾಗಿಂದ ನನ್ನ ಮಗಳ ಮಾರೀನ ಬ್ಯಾರೆ ಆಗೇತಿ" ಎನ್ನುತ್ತಿದ್ದಳು. ನನ್ನ ಎಂ.ಎ. ಬಗ್ಗೆ ಅವ್ವ ಯಾರ ಮುಂದೆಯೂ ಹೀಗೆ ಮುಖ ಅರಳಿಸಿ ಹೇಳಿದ್ದು ನನಗೆ ನೆನಪಿಲ್ಲ. ಮಾಸ್ತರರು ಒಮ್ಮೆ ಮನೆಗೆ ಬಂದಾಗ ಅಪ್ಪ ಮಗ್ಗ ನಿಲ್ಲಿಸಿ ಗುಂಡಿಯಿಂದ ಮೇಲೆ ಬಂದರು. ಬೀಗರು ಬಂದರೂ ಗುಂಡಿಯಲ್ಲೇ ಕೂತು ಮಾತಾಡುವ ಅಪ್ಪ!

ಅವರಲ್ಲಿ ದೋಷ ಹುಡುಕಿದೆ, ಸಿಗಲಿಲ್ಲ. ಕೊನೆಗೆ ನನ್ನ ಗುರಿಯನ್ನೇ ಅವರ ಮುಂದಿಟ್ಟೆ. "ಆಕೀಗೆ 'ಅವ್ವ' ಅನ್ನೂದನ್ನ ಸುರದಾಗ ಹಾಕಿ ಕಲಸ್ರಿ. ಇಷ್ಟು ದಿನಾ ಬರೇ ಊಂ ಅಂತ ಅನಸೂದ್ರಾಗ ಏನು ಬಂತು?"

"ಆಕಿ ಅಂತಾಳ ಬಿಡ್ರಿ, ಅನ್ನಬೇಕು ಅನಸಿದಾಗ. ಅನ್ನದಿದ್ರೂ ನಿಮ್ಮ ಅವ್ವಗ ಗೊತ್ತೈತಿ, ಆಕಿಗೂ ಗೊತ್ತೈತಿ. ತಿಳೀಬೇಕಾದವರಿಗೆ ತಿಳದೈತಲ್ರಿ."

ತಿಳಿಯಬೇಕಾದವರ ಆ ಪಟ್ಟಿಯಲ್ಲಿ ನಾನಿರಲಿಲ್ಲ ಎಂದು ನನಗೆ ಕೇಳಿಸಿತು. ಅವರು ಹಾಗೆ ಹೇಳಿರಲಿಲ್ಲ.

ಎರಡನೆಯ ವರ್ಷದ ಕೊನೆಗೆ ಸಂಸ್ಥೆಯ ವಾರ್ಷಿಕ ಸಮಾರಂಭಕ್ಕೆ ದೊಡ್ಡ ಅಧಿಕಾರಿಯೊಬ್ಬರು ಬರುವುದು ನಿಶ್ಚಯವಾಯಿತು. ವಕೀಲರಾಗಿದ್ದ ಅಧ್ಯಕ್ಷರು ಬಾಗಲಕೋಟೆಯಿಂದ ಹೇಳಿ ಕಳಿಸಿದರು: ಮಕ್ಕಳು ಒಂದು ಸ್ವಾಗತ ಗೀತೆ ಹಾಡಬೇಕು. ಮಾಸ್ತರರು ಆಗುವುದಿಲ್ಲ ಎಂದರು. ಹಾಡು ಎಂದರೆ ಹಾಡುವ ಮಕ್ಕಳಲ್ಲ, ಸಾಹೇಬರು ಗುರುವಾರ ಬಂದು ಮೂಲೆಯಲ್ಲಿ ಕೂತರೆ ಕೇಳಬಹುದು ಎಂದರು. ಅಧ್ಯಕ್ಷರು ನನ್ನನ್ನು ಕರೆಸಿಕೊಂಡರು.

"ಎರಡು ವರ್ಷ ಆತಲ್ರಿ ಅಕ್ಕೋರ. ಒಂಬತ್ತು ಹುಡುಗರು, ಒಂದ ಒಂದು ಹಾಡು. ಇದೂ ಆಗೂದಿಲ್ಲಂದ್ರ ಆಂವಾ ಅಲ್ಲೆ ಮಾಡೂದರ ಏನು? ನೀವು ಕಲಿತವರು. ಒಂದು ವರದಿ ಬರದು ಕೊಡ್ರಿ, ಸಭಾದಾಗ ಇಡೂಣು."

ಹೀಗಲ್ಲ, ನೀವೇ ಬಂದು ನೋಡಿ ಎಂದು ನಾನು ಹೇಳಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಅಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ತಂಗಿ ನನ್ನ ಕೈ ಬಿಡಿಸಿಕೊಂಡು ಓಡಿ, ಮಾಸ್ತರರ ಮುಂಗೈ ಹಿಡಿದಿದ್ದಳು. ಅವಳು ಕೈ ಹಿಡಿಯುವವಳಲ್ಲ, ಹಿಡಿಸಿಕೊಳ್ಳುವವಳು. ಆ ದೃಶ್ಯವನ್ನು ಕಣ್ಣಲ್ಲಿಟ್ಟುಕೊಂಡೇ ವರದಿ ಬರೆದೆ. ಅದರ ಸಾಲುಗಳು ಇವು: "ಸಂಗೀತಕ್ಕೆ ನಿಶ್ಚಿತ ಪಠ್ಯಕ್ರಮ ಇಲ್ಲ. ಬೋಧಕರಿಗೆ ಶೈಕ್ಷಣಿಕ ಅರ್ಹತೆ ಇಲ್ಲ. ಮಕ್ಕಳು ಕಲಿತ ಹಾಡುಗಳು: ಇಲ್ಲ. ತರಗತಿಯ ಬಹುಭಾಗವನ್ನು ಬೋಧಕರು ಸುಮ್ಮನೆ ಕುಳಿತು ಕಳೆಯುತ್ತಾರೆ."

ಇವುಗಳಲ್ಲಿ ಯಾವ ಸಾಲನ್ನೂ ನ್ಯಾಯಾಲಯದಲ್ಲಿ ಸುಳ್ಳೆಂದು ಸಾಧಿಸಲಾಗದು. ಹಾಗೆ ಸಾಧಿಸಲಾಗದಂತೆ ಎಚ್ಚರ ವಹಿಸಿಯೇ ಬರೆದಿದ್ದೆ. ಹಣೆಯ ಗಾಯ ಒಣಗಿದ್ದನ್ನು ಬರೆಯಲಿಲ್ಲ. ರೊಟ್ಟಿ ಮುರಿದದ್ದನ್ನು, ಚಪ್ಪಲಿ ತಂದಿಟ್ಟದ್ದನ್ನು, ಉಳಿದ ಎಂಟು ಮಕ್ಕಳ ತಾಯಂದಿರು ಹೇಳಿದ್ದನ್ನು ಬರೆಯಲಿಲ್ಲ. ಕಾಯುವುದಕ್ಕೆ ಸುಮ್ಮನೆ ಕುಳಿತುಕೊಳ್ಳುವುದು ಎಂದು ಹೆಸರಿಟ್ಟೆ. ಅದು ಕಾಯುವುದು ಎಂದು ಆ ಜಿಲ್ಲೆಯಲ್ಲೇ ಚೆನ್ನಾಗಿ ಬಲ್ಲವಳು ನಾನಾಗಿದ್ದೆ.

ಸಭೆ ನಡೆದ ಹತ್ತು ದಿನಕ್ಕೆ, ಒಂದು ಗುರುವಾರ ಸಂಜೆ, ಹುನಗುಂದದ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಾಸ್ತರರು ಕಿಸೆಯಿಂದ ಒಂದು ಲಕೋಟೆ ತೆಗೆದು ನನಗೆ ಕೊಟ್ಟರು. ತಂಗಿ ಅವರ ಪಕ್ಕದಲ್ಲಿ, ಪೇಟಿಯ ಮೇಲೆ ಕೈ ಇಟ್ಟು ಕೂತಿದ್ದಳು.

"ಅಕ್ಕೋರ, ಕಚೇರಿ ಅಕ್ಷರ ನನಗ ಒಡಿಯೂದಿಲ್ಲ. ಒಂದೀಟು ಓದಿ ಹೇಳ್ರಿ."

ಓದಿದೆ. ಮುಂದಿನ ವಾರದಿಂದ ಅವರ ಸೇವೆಯ ಅಗತ್ಯವಿಲ್ಲ ಎಂದಿತ್ತು. "ತಜ್ಞ ಶಿಕ್ಷಕಿಯವರ ವರದಿಯ ಮೇರೆಗೆ" ಎಂಬ ಸಾಲನ್ನು ಬಿಟ್ಟು ಓದಿದೆ. ಕಾರಣಗಳನ್ನು ಓದಿದೆ, ಅವು ನನ್ನವೇ ಪದಗಳಾಗಿದ್ದವು.

ಅವರು ಪೇಟಿಯ ಮೇಲಿನ ಅರಿವೆಯನ್ನು ಸರಿಪಡಿಸಿದರು. "ಹಾಡು ಬಂದಿಲ್ಲ ಅನ್ನೂದು ಖರೆ ಐತ್ರಿ," ಎಂದರು. "ಸಾಲಿ ಕಲ್ತಿಲ್ಲ ಅನ್ನೂದೂ ಖರೆ. ಆದ್ರ ಸುಮ್ಮನ ಕೂಡ್ತೇನಿ ಅನ್ನೂದು ಅವರಿಗೆ ಹ್ಯಾಂಗ ಗೊತ್ತಾತು? ಒಬ್ಬರೂ ಬಂದ ಇಲ್ಲಲ್ರಿ."

ನಾನು ಲಕೋಟೆಯನ್ನು ಮಡಚಿದೆ. ಬಾದಾಮಿಯ ಬಸ್ಸು ಬಂತು. ಅವರು ಎದ್ದು ಪೇಟಿಯನ್ನು ಬಗಲಿಗೆ ಏರಿಸಿಕೊಂಡು, ಹೊರಡುವ ಗಡಿಬಿಡಿಯಲ್ಲೇ ಹೇಳಿದರು: "ಕೇಳ್ರಿ, ಆಕಿ ಈಗ ಕರಿ ನಾಕರಾಗ ಇಲ್ಲ. ದೊಡ್ಡಾಕಿ ಆಗಾಕತ್ತಾಳ, ದನಿ ಇಳಿದೈತಿ. ಕರಿ ಮೂರು ಹಿಡೀರಿ. ಅವಸರ ಮಾಡಬ್ಯಾಡ್ರಿ." ತಂಗಿ ಅವರ ಹಿಂದೆಯೇ ಬಸ್ಸಿನ ಮೆಟ್ಟಿಲು ಹತ್ತಿದಳು. ಅವಳ ಸೊಂಟಕ್ಕೆ ಕೈ ಹಾಕಿ ನಾನು ಕೆಳಗೆ ಎಳೆದುಕೊಂಡೆ. ಅವಳ ಬೆರಳುಗಳನ್ನು ಬಾಗಿಲ ಸರಳಿನಿಂದ ಒಂದೊಂದಾಗಿ ಬಿಡಿಸಬೇಕಾಯಿತು.

ಅವರು ಹೋದ ಮೇಲೆ ಅವಳು ನನ್ನವಳಾಗುತ್ತಾಳೆ ಎಂದುಕೊಂಡಿದ್ದೆ. ಇಷ್ಟು ಓದಿದವಳು ನಾನು, ಇಷ್ಟು ಪೆದ್ದಾಗಿ ಯೋಚಿಸಿದ್ದೆ. ಭಜನಾ ಮಂಡಳಿಯಿಂದ ಒಂದು ಪೇಟಿ ಎರವಲು ತಂದು ಕರಿ ಮೂರನ್ನು ಹಿಡಿದೆ. ಅವಳು ಎದ್ದು ಹೋಗಿ ಅವ್ವನ ರಾಟಿಯ ಬಳಿ ಗೋಡೆಗೆ ಮುಖ ಮಾಡಿ ಕೂತಳು. ಮರುದಿನ ಸುಮ್ಮನೆ ಕಾದು ನೋಡೋಣ ಎಂದು ಕೂತೆ. ಆಗ ತಿಳಿಯಿತು, ಅದು ನನಗೆ ಬರುವುದಿಲ್ಲ. ಹತ್ತು ಉಸಿರಾಗುವಷ್ಟರಲ್ಲಿ ನನ್ನ ಬೆರಳು ತಾನಾಗಿ ಒತ್ತಿಬಿಡುತ್ತಿತ್ತು. ಅಲ್ಲಿಯೂ ಅಸೂಯೆ ನನ್ನನ್ನು ಬಿಡಲಿಲ್ಲ: ಆ ಮನುಷ್ಯನಿಗೆ ಇಷ್ಟು ಸಾವಧಾನ ಎಲ್ಲಿಂದ ಬಂತು, ನನಗೆ ಯಾಕೆ ಬರಲಿಲ್ಲ?

ಮೂರು ಗುರುವಾರ ಅವಳು ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತಳು. ತರಗತಿಗೆ ಕರೆದೊಯ್ದರೆ ಆ ಕೋಣೆಯ ಖಾಲಿ ಮೂಲೆಯ ಎದುರು ಕೂತು, ಮಧ್ಯಾಹ್ನ ಕಳೆಯುವ ತನಕ ಅಲ್ಲಾಡುತ್ತಿರಲಿಲ್ಲ. ನಾಲ್ಕನೆಯ ವಾರ ಹಣೆ ಮತ್ತೆ ಕಂಬ ಮುಟ್ಟಿತು. ಅವ್ವ ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಕಂಬಕ್ಕೆ ಬಿಗಿದಳು. ಆಮೇಲೆ ಇನ್ನೊಂದು ಸಂಗತಿ ನಡೆಯಿತು, ಅದಕ್ಕೆ ನಾವು ಸಿದ್ಧರಿರಲಿಲ್ಲ. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ನಿಲ್ಲದೆ ಇದ್ದ ಅವಳ ದನಿ ನಿಂತಿತು. ಬೇಸತ್ತು "ಸಾಕು ನಿಲ್ಲಸ" ಎಂದು ನಾವೇ ಎಷ್ಟೋ ಸಲ ಕೂಗಿದ್ದ ಆ ದನಿ. ಅಪ್ಪ ಮಗ್ಗ ನಿಲ್ಲಿಸಿ ಕಿವಿಗೊಟ್ಟು ಕೇಳುವುದು, ಏನೂ ಕೇಳದೆ ಮತ್ತೆ ಲಾಳಿ ಎಸೆಯುವುದು, ಇದನ್ನು ನೋಡಲಾರದೆ ಒಂದು ಮಧ್ಯಾಹ್ನ ಅವ್ವನಿಗೆ ಎಲ್ಲವನ್ನೂ ಹೇಳಿದೆ.

ಅವ್ವ ರಾಟಿ ನಿಲ್ಲಿಸಲಿಲ್ಲ. "ಯಾಕ ಬರದಿ?" ಎಂದಳು.

"ಹೊಟ್ಟಿಕಿಚ್ಚಿಗೆ."

"ಯಾರ ಮ್ಯಾಲ?"

"ಮಾಸ್ತರ ಮ್ಯಾಲ."

"ಹಂಗಾರ ನನ್ನ ಮುಂದ ಯಾಕ ಅಳ್ತಿ? ಆತನ ಮುಂದ ಹೋಗಿ ಹೇಳು. ಬರದ ಕೈ ನಿಂದು, ಹೊಳ್ಳಿ ಬರಿ." ನೂಲು ಕಡಿಯಿತು. ಅದನ್ನು ಬೆರಳಿನಿಂದ ಹೊಸೆದು ಕೂಡಿಸಿದಳು. ನನ್ನ ಕಡೆ ನೋಡಲಿಲ್ಲ.

ಬಾದಾಮಿಯ ಪೇಟೆಯ ಹಿಂದಿನ ಗಲ್ಲಿಯಲ್ಲಿ, ಒಂದು ಹೊಲಿಗೆ ಅಂಗಡಿಯ ಕಟ್ಟೆಯ ಮೇಲೆ ಮಾಸ್ತರರು ಅರಿವೆ ಹಾಸಿ, ಬಿಚ್ಚಿದ ಪೇಟಿಯ ಹಿತ್ತಾಳೆಯ ಸ್ವರಪಟ್ಟಿಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದನ್ನೇ ಊದಿ ನೋಡುತ್ತಿದ್ದರು. ನಿಂತುಕೊಂಡೇ ಹೇಳಿದೆ: ವರದಿ ಬರೆದವಳು ನಾನು.

"ಗೊತ್ತಿತ್ರಿ," ಎಂದರು. "ಅವತ್ತು ಕಾಗದ ಓದೂ ಮುಂದ ಒಂದು ಸಾಲಿನ ಹತ್ರ ನೀವು ಉಸರು ನುಂಗಿದ್ರಿ. ಮೂವತ್ತು ವರ್ಷ ಬ್ಯಾರೆದವರ ಗಂಟಲಾ ನೋಡೇ ಹೊಟ್ಟಿ ತುಂಬಿಕೊಂಡಾಂವ ನಾ. ಕುಂದರ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಂಗಿ ಹೇಗಿದ್ದಾಳೆಂದು ಕೇಳಿದರು. ದನಿ ನಿಂತಿದೆ ಎಂದೆ. ಕೈಯಲ್ಲಿದ್ದ ಪಟ್ಟಿಯನ್ನು ಅರಿವೆಯ ಮೇಲಿಟ್ಟರು. ನಮ್ಮ ಮನೆಗೆ ಬಂದು ಅವಳಿಗಷ್ಟೇ ಬಾರಿಸಿ ಎಂದು ಬೇಡಿಕೊಂಡೆ.

"ಆಕಿ ಒಬ್ಬಾಕೀ ಸಲುವಾಗಿ ಬಂದ್ರ ಉಳಿದ ಎಂಟು ಹುಡುಗರಿಗೆ ನೀವು ಏನು ಹೇಳ್ತೀರಿ? ನಾ ಬರ್ತೇನ್ರಿ, ಬರೂದಿಲ್ಲ ಅನ್ನೂದಿಲ್ಲ. ಆದ್ರ ಸುಮ್ಮನ ಕೂಡ್ತಾನ ಅಂತ ಬರದು ಹೊರಗ ಹಾಕ್ಯಾರ. ಅದನ್ನ ಅವರ ಹೊಳ್ಳಿ ತಗೋಬೇಕು. ಇಲ್ಲಂದ್ರ ಇನ್ನೊಂದು ವರ್ಷಕ್ಕ ಇನ್ನೊಬ್ಬರು ಅದನ್ನ ಬರೀತಾರ. ಹುಡುಗರು ಎಷ್ಟು ಸಲ ಕೈ ಬಿಡಬೇಕು?"

ಎಂಟು ಮಕ್ಕಳನ್ನೂ ನನ್ನ ತಂಗಿಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟದ್ದಕ್ಕೆ ಆ ಕ್ಷಣವೂ ನನಗೆ ಸಿಟ್ಟು ಬಂತು. ಅವರ ಮಾತು ಸರಿಯೆಂಬುದೂ ಗೊತ್ತಿತ್ತು.

ಮರುವಾರವೇ ಬಾಗಲಕೋಟೆಗೆ ಹೋಗಿ, ವರದಿಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಅಧ್ಯಕ್ಷರಿಗೆ ಲಿಖಿತವಾಗಿ ಕೊಟ್ಟೆ. ಅವರು ಓದಿ ನಕ್ಕರು.

"ನೀವ ಬರದು ನೀವ ಅಳಸ್ತೀನಂದ್ರ ಹ್ಯಾಂಗ್ರಿ ಅಕ್ಕೋರ? ಠರಾವು ಆಗೇತಿ. ನಾವೇನು ಆ ಮನಿಷ್ಯಾನ ಮ್ಯಾಲ ಹಗೆ ಸಾಧಿಸೇವೇನು? ತಜ್ಞರು ಹೇಳಿದ್ರು, ನಂಬಿದ್ವಿ."

"ಒಮ್ಮೆ ನೀವು ಬಂದು ನೋಡಬೇಕಾಗಿತ್ರಿ."

"ನೋಡಾಕನ ನಿಮ್ಮನ್ನ ಇಟ್ಟೇವಲ್ಲ?"

ಆ ಉತ್ತರದಲ್ಲಿ ಅರ್ಧ ನ್ಯಾಯವಿತ್ತು. ಉಳಿದರ್ಧಕ್ಕಾಗಿ ಮಂಡಳಿಗೆ ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಆದ್ದರಿಂದ ಈ ಬರಹ ಅಚ್ಚಿಗೆ ಹೋಗುತ್ತಿದೆ. ಮಾಸ್ತರರು ಮರಳಿ ಬಂದರೆ ನನ್ನ ಹೊಟ್ಟೆಕಿಚ್ಚು ಆರಿಹೋಗುತ್ತದೆಂದು ನಾನು ಮಾತು ಕೊಡಲಾರೆ. ಅವರು ಬಂದ ಮೊದಲ ಗುರುವಾರವೇ ಅದು ಮತ್ತೆ ಏಳಬಹುದು. ಅದನ್ನು ನುಂಗಿಕೊಂಡು ಕೂಡುವುದು ನನ್ನ ಪಾಡು. ಅದರ ಬೆಲೆಯನ್ನು ನನ್ನ ತಂಗಿಯೂ ಆ ಎಂಟು ಮಕ್ಕಳೂ ತೆರಬೇಕಾಗಿಲ್ಲ.

ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರಲ್ಲಿ ಮತ್ತು ಸದಸ್ಯರಲ್ಲಿ ನನ್ನ ವಿನಂತಿ ಇದು. ನನ್ನ ವರದಿ ದುರುದ್ದೇಶದಿಂದ ಬರೆದದ್ದು ಎಂಬ ಈ ಹೇಳಿಕೆಯನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಿ, ಅದರ ಆಧಾರದ ಮೇಲೆ ಮಾಡಿದ ಠರಾವನ್ನು ರದ್ದುಪಡಿಸಬೇಕು. ಹಾಗೆ ಮಾಡುವ ಮೊದಲು ನಿಮ್ಮಲ್ಲಿ ಕನಿಷ್ಠ ಇಬ್ಬರು ಹುನಗುಂದಕ್ಕೆ ಬಂದು ಒಂಬತ್ತೂ ಮಕ್ಕಳ ತಂದೆತಾಯಿಗಳ ಮಾತನ್ನು ಕೇಳಬೇಕು. ಮಕ್ಕಳಿಂದ ಹಾಡು ಕೇಳಬಾರದು. ಹಾರ್ಮೋನಿಯಂ ವಾದಕರಿಗೆ ಲಿಖಿತ ಕ್ಷಮೆಯೊಡನೆ ಮರುನೇಮಕದ ಪತ್ರ ಕಳಿಸಬೇಕು. ಒಬ್ಬರೂ ಕಣ್ಣಾರೆ ನೋಡದೆ ಏಳೂ ಜನ ಹೇಗೆ ಸಹಿ ಮಾಡಿದಿರಿ ಎಂಬುದಕ್ಕೆ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಉತ್ತರ ಕೊಡಬೇಕು. ದುರುದ್ದೇಶದ ವರದಿ ಕೊಟ್ಟದ್ದಕ್ಕೆ ನನ್ನ ಮೇಲೆ ಯಾವ ಕ್ರಮ ಕೈಗೊಂಡರೂ ತಲೆಬಾಗುತ್ತೇನೆ. ಆದರೆ ಅದನ್ನು ಬೇರೆ ವಿಷಯವಾಗಿ, ಬೇರೆ ಕಾಗದದಲ್ಲಿ ತೀರ್ಮಾನಿಸಿರಿ. ಅದರ ನೆಪದಲ್ಲಿ ಮಾಸ್ತರರ ಪತ್ರ ಒಂದು ವಾರವೂ ತಡವಾಗಬಾರದು ಎಂದು ಕೋರುತ್ತೇನೆ.